ಕೂದಲೆಳೆಯಷ್ಟು ತಡ

ಫೆಬ್ರವರಿ 9, ಭಾನುವಾರ

ಪೇಪರಿನಲ್ಲಿ ನನ್ನ ಫೋಟೋ ಬಂದಿದೆ. ನಿಧನ ವಾರ್ತೆಯ ಪುಟದಲ್ಲಲ್ಲ, ಸಂಗೀತದ ಪುಟದಲ್ಲಿ. ಅದೂ ಅರ್ಧ ಪುಟ! ನಮ್ಮ ಹಾಡುಗಳನ್ನು ರೆಕಾರ್ಡ್ ಮಾಡಿಕೊಟ್ಟ ಗೆಳತಿ ಬೆಳಿಗ್ಗೆಯೇ ಫೋನ್ ಮಾಡಿ, "ಕೂತ್ಕೊಂಡು ಓದು, ನಿಂತ್ಕೊಂಡು ಓದಬೇಡ, ಬಿದ್ದುಬಿಡ್ತೀಯ" ಅಂದಳು. ನಾನು ಮಲಗಿಕೊಂಡೇ ಓದಿದೆ. ಆಮೇಲೆ ಕೂತು ಓದಿದೆ, ಕೊನೆಗೆ ನಿಂತೂ ಓದಿದೆ. ಬೀಳಲಿಲ್ಲ.

ನಲವತ್ತೊಂಬತ್ತು ವರ್ಷದವಳನ್ನು ಹಿಡಿದು "ಹೊಸ ದನಿ" ಅಂತ ಬರೆದಿದ್ದಾರೆ ಪುಣ್ಯಾತ್ಮರು. ಅಜ್ಜಿಯಿಂದ ಬಂದ ಧಾಟಿಗಳಿಗೆ ಗಿಟಾರು ಸೇರಿಸಿ ತನ್ನದೇ ಮಾತು ಕಟ್ಟುವ ಗಾಯಕಿ, ಯಾವ ಕಂಪನಿಯ ಹಂಗೂ ಇಲ್ಲದೆ ತಮ್ಮನ ಫ್ರೇಮ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಡೀ ಆಲ್ಬಂ ಮಾಡಿದ್ದಾಳೆ ಅಂತೆಲ್ಲ. ಎಲ್ಲ ನಿಜವೇ. ಆದರೆ ನನ್ನ ಗಂಟಲಿನ ಬಗ್ಗೆ ಒಂದೇ ಪ್ಯಾರಾ. ಮಿಕ್ಕಿದ್ದೆಲ್ಲ ತಮ್ಮನ ಪೆಟ್ಟಿಗೆಯ ಮೇಲೆ! ಫ್ರೇಮಿಗೆ ಕತ್ತರಿಸಿ ಉಳಿದ ಮರದಲ್ಲಿ ಅವನೇ ಮಾಡಿಕೊಂಡ ಪೆಟ್ಟಿಗೆ ಅದು. ಅದರ ಮೇಲೆ ಕೂತು, ಮುಂದಿನ ಹಲಗೆಗೆ ಬಲಗೈಯಲ್ಲಿ ಧಂ, ಎಡಗೈಯಲ್ಲಿ ಟಕ್ ಅಂತ ಹೊಡೆಯುತ್ತಾನೆ. ಅಷ್ಟೇ ಅದರ ವಿದ್ಯೆ. ವಿಮರ್ಶಕರು ಬರೆದದ್ದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ, ಪೇಪರು ರದ್ದಿಗೆ ಹೋದರೂ ಇರಲಿ:

"‘ಹಗ್ಗದ ಮೇಲಿನ ಅಂಗಿ’ ಹಾಡಿನಲ್ಲಿ ಎರಡನೆಯ ಪೆಟ್ಟು ಪ್ರತಿ ಸಲವೂ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಹೇಳಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ ಮನುಷ್ಯನ ಹಾಗೆ. ಈ ಹಿಂಜರಿಕೆಯೇ ಇಡೀ ಆಲ್ಬಮ್ಮಿನ ಜೀವ."

ಯಾವ ಹಿಂಜರಿಕೆ? ನನಗಂತೂ ಗೊತ್ತಿಲ್ಲ. ಕೆಳಗಿಳಿದು ಹೋಗಿ ತಮ್ಮನಿಗೆ ಓದಿ ಹೇಳಿದೆ. (ನನ್ನದು ಮೇಲಿನ ಮನೆ, ಅವನದು ಕೆಳಗೆ, ಅದಕ್ಕೂ ಕೆಳಗೆ ಅಂಗಡಿ.) ಅವನು ಗಾಜು ಒರೆಸುತ್ತಿದ್ದವನು ಬಟ್ಟೆ ಕೆಳಗಿಟ್ಟ.

"ತಡಾನಾ? ಯಾರು ತಡ?"

"ನೀನೇ ಕಣೋ. ಹೊಗಳಿದ್ದಾರೆ."

"ಇದು ಹೊಗಳಿಕೆನಾ? ತಾಳ ತಪ್ಪಿದೆ ಅಂತ ಅರ್ಧ ಪುಟ ಬರ್ದಿದ್ದಾರೆ, ನೀನು ಹಲ್ಲು ಕಿಸೀತಾ ಇದ್ದೀಯ."

ಅವನ ಹೆಂಡತಿ ಮಾತ್ರ ಪೇಪರು ಇಸಕೊಂಡು ತವರಿಗೆ ಫೋನ್ ಮಾಡಲು ಓಡಿದಳು.

ಫೆಬ್ರವರಿ 11, ಮಂಗಳವಾರ

ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ಡಾಕ್ಟರಮ್ಮ ವಿಮರ್ಶೆಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾರೆ, ಹಲ್ಲುಜ್ಜುವ ಸರಿಯಾದ ವಿಧಾನದ ಚಿತ್ರದ ಪಕ್ಕದಲ್ಲಿ. ಕೆನ್ನೆ ಊದಿದವರೊಬ್ಬರು ಟೋಕನ್ ಇಸಕೊಳ್ಳುತ್ತಾ, "ನೀವೇನಾ ಅದು?" ಅಂತ ಕೇಳಿದರು. ನೋವಿನಲ್ಲೂ ನಕ್ಕರು ಪಾಪ.

ಊಟದ ಹೊತ್ತಿಗೆ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ‘ಅಂಗಿ’ ಹಾಡು ಕೇಳಿದೆ. ಅಪ್ಪ ಹೋದ ಮೇಲೆ ಒಗೆದು ಹಾಕಿದ್ದ ಅವರ ಅಂಗಿ ಹಗ್ಗದ ಮೇಲೇ ಉಳಿದುಹೋದದ್ದರ ಬಗ್ಗೆ ಕಟ್ಟಿದ ಹಾಡು ಅದು. ಕಣ್ಣುಮುಚ್ಚಿ ಕೇಳಿದೆ. ಧಂ... ಟಕ್. ಅಯ್ಯೋ, ಹೌದಲ್ಲ! ಟಕ್ ಬರುವ ಮುಂಚೆ ಒಂದು ಚೂರು ಖಾಲಿ ಇದೆ. ನಾನೇ ಹಾಡಿದ ಹಾಡು, ನನಗೇ ಕೇಳಿಸಿರಲಿಲ್ಲ. ಕೇಳಿಸಿದ ಮೇಲೆ ಕೂತಲ್ಲೇ ಅತ್ತುಬಿಟ್ಟೆ. ಆ ಖಾಲಿಯಲ್ಲಿ ಅಪ್ಪ ನಿಂತಿದ್ದಾರೆ ಅನ್ನಿಸಿತು.

ಸಂಜೆ ಹಳೆಯ ರೆಕಾರ್ಡಿಂಗುಗಳನ್ನು ಹುಡುಕಿ ಕೇಳಿದೆ. ಅವುಗಳಲ್ಲಿ ಇದಿಲ್ಲ. ಧಂ-ಟಕ್, ಧಂ-ಟಕ್, ಮೊಳೆ ಹೊಡೆದ ಹಾಗೆ. ಅಂದರೆ ತಮ್ಮ ಬೆಳೆದಿದ್ದಾನೆ! ನನಗೆ ಗೊತ್ತಾಗದ ಹಾಗೆ ಕಲಾವಿದನಾಗಿದ್ದಾನೆ. ಕೇಳಿದರೆ ಇಲ್ಲ ಅನ್ನುತ್ತಾನೆ, ಸಂಕೋಚದ ಮುದ್ದೆ.

ಫೆಬ್ರವರಿ 16, ಭಾನುವಾರ

ಅಭ್ಯಾಸಕ್ಕೆ ಕೂತೆವು, ಜಗಳವಾಡಿ ಎದ್ದೆವು.

ತಮ್ಮನೂ ಹಾಡು ಕೇಳಿದ್ದಾನೆ. ಎಲ್ಲವನ್ನೂ ಮತ್ತೆ ರೆಕಾರ್ಡ್ ಮಾಡೋಣ ಅನ್ನುತ್ತಾನೆ. ಅವತ್ತು ಕೈಗೆ ಚಳಿ ಹಿಡಿದಿತ್ತಂತೆ, ಹಲಗೆ ಸಡಿಲವಾಗಿತ್ತಂತೆ. ನಾನು, "ತಲೆ ನೆಟ್ಟಗಿದೆಯಾ? ಜನ ಮೆಚ್ಚಿದ್ದನ್ನ ಅಳಿಸಿ ಯಾರಾದ್ರೂ ಮತ್ತೆ ಬರೀತಾರಾ?" ಅಂದೆ.

"ಜನ ಮೆಚ್ಚಿದ್ರೆ ತಪ್ಪು ಸರಿಯಾಗುತ್ತಾ?"

"ಅದು ತಪ್ಪಲ್ಲ ಪುಟ್ಟಾ. ಹಿಂಜರಿಕೆ."

"ಸರಿಯಾಗಿ ಹೊಡೆದಾಗ ಒಬ್ಬನೂ ತಿರುಗಿ ನೋಡ್ಲಿಲ್ಲ. ತಪ್ಪಿದ ತಕ್ಷಣ ಶಹಬ್ಬಾಸ್ ಅಂತೆ. ನಾನೇನು ಮಾಡ್ಲಿ ಹೇಳು!"

ನಲವತ್ತಾರರ ಗಂಡಸು ಪುಟ್ಟ ಅಂತ ಕರೆಸಿಕೊಂಡು ಪುಟ್ಟನ ಹಾಗೇ ಮುಖ ಊದಿಸಿಕೊಂಡ. ಮತ್ತೆ ಹೊಡೆದ. "ಈಗ ಸರಿ ಇದೆ ತಾನೆ?" ಅಂದ. ಈಗಲೂ ತಡವಾಗಿತ್ತು, ಚೆನ್ನಾಗಿ ತಡವಾಗಿತ್ತು. ಬೇಕಂತಲೇ ಮಾಡುತ್ತಾನೋ, ನನ್ನನ್ನು ಆಡಿಸುತ್ತಾನೋ ಒಂದೂ ತಿಳಿಯುತ್ತಿಲ್ಲ. ತಲೆ ಚಿಟ್ಟು ಹಿಡಿದಿದೆ.

ಫೆಬ್ರವರಿ 20, ಗುರುವಾರ

ಇನ್ನೊಂದು ವಿಮರ್ಶೆ, ವಾರಪತ್ರಿಕೆಯಲ್ಲಿ. "ಹಿಂಜರಿಕೆಯ ತಾಳ" ಅಂತಲೇ ತಲೆಬರಹ. ಏಪ್ರಿಲ್ 13ಕ್ಕೆ ದೊಡ್ಡ ಸಭಾಂಗಣದಲ್ಲಿ ಹಾಡಬೇಕು ಅಂತ ಕರೆ ಬಂದಿದೆ. ಕುರ್ಚಿ ಜೋಡಿಸುವವರೂ ಬೇರೆಯವರೇ, ಮೈಕು ಕಟ್ಟುವವರೂ ಬೇರೆಯವರೇ! ಇಷ್ಟು ವರ್ಷ ನಾವೇ ಕುರ್ಚಿ ಹಾಕಿ, ನಾವೇ ಹಾಡಿ, ನಾವೇ ಕಸ ಗುಡಿಸಿ ಬರುತ್ತಿದ್ದೆವು.

ಹಲ್ಲು ಕೀಳಿಸಲು ಹೆದರಿ ಬಾಗಿಲಲ್ಲೇ ನಿಂತಿದ್ದ ಅಜ್ಜನಿಗೆ, "ಒಳಗೆ ಬನ್ನಿ, ಹಿಂಜರಿಕೆಯೇ ಜೀವ ಅಂತೆ" ಅಂದುಬಿಟ್ಟೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಫೆಬ್ರವರಿ 23, ಭಾನುವಾರ

ಅಭ್ಯಾಸವಿಲ್ಲ. ಭುಜ ನೋವಂತೆ. ನೆಪ.

ಮಾರ್ಚ್ 2, ಭಾನುವಾರ

ಇವತ್ತು ಬಂದ. ಏನು ಹೊಡೆದ ಅಂತೀರಾ! (ಯಾರಿಗೆ ಹೇಳುತ್ತಿದ್ದೇನೆ? ಹೊಗಳಿಸಿಕೊಂಡು ನನಗೂ ಸಭೆಯ ಚಟ ಹತ್ತಿದೆ.) ಟಕ್ ಇನ್ನೂ ತಡವಾಗಿದೆ, ಎರಡು ಮೂರು ಕಡೆ ಬರುತ್ತದೋ ಇಲ್ಲವೋ ಅನ್ನಿಸಿ ಎದೆ ಹಿಡಿದುಕೊಳ್ಳುವ ಹಾಗೆ. ನಾನು ಹಾಡುವುದನ್ನು ಬಿಟ್ಟು "ವಾಹ್!" ಅಂದೆ. ಸುಮ್ಮನೆ ನೋಡಿದ. ನಗಲಿಲ್ಲ, ಬೈಯಲೂ ಇಲ್ಲ. ಈಚೆಗೆ ಅವನ ಮುಖದಲ್ಲಿ ಏನೂ ಓದಲಾಗುವುದಿಲ್ಲ. ಹೊಗಳಿಕೆ ತಲೆಗೇರಿದೆ ಅಂತ ಕಾಣುತ್ತದೆ, ಸ್ವಲ್ಪ ಬಿಂಕ.

ಅಭ್ಯಾಸದ ಮಧ್ಯೆ ಬಿಡುವಿನಲ್ಲಿ ಅವನ ಮನೆಯ ಒಲೆಯ ಮೇಲಿಟ್ಟ ಹಾಲು ತಳ ಹತ್ತಿ ಸೀದುಹೋಯಿತು. ನಾನು ಮಹಡಿಯಲ್ಲಿದ್ದೆ, ಅಲ್ಲಿಗೇ ವಾಸನೆ ಬಂತು. ಇವನು ಪಕ್ಕದಲ್ಲೇ ಕೂತು ಹಾಯಾಗಿ ಪೇಪರು ಓದುತ್ತಿದ್ದ. "ಮೂಗು ಅಡವಿಟ್ಟಿದ್ದೀಯಾ?" ಅಂತ ಬೈದೆ. "ನನಗೆ ವಾಸನೆಯೇ ಬರ್ಲಿಲ್ಲ" ಅಂದ. ಮಾತೂ ಬಾಯೊಳಗೇ. ದೊಡ್ಡ ಕಲಾವಿದರೆಲ್ಲ ಹೀಗೇ ಏನೋ.

ಮಾರ್ಚ್ 8, ಶನಿವಾರ

ವಿಮರ್ಶಕರೇ ಅಂಗಡಿಗೆ ಬಂದಿದ್ದರು, ಸಂದರ್ಶನಕ್ಕೆ. ಸಣ್ಣ ಮನುಷ್ಯ, ಸಣ್ಣ ದನಿ. ಕತ್ತರಿಸಿಟ್ಟ ಫ್ರೇಮುಗಳ ನಡುವೆ ಸ್ಟೂಲಿನ ಮೇಲೆ ಕೂತು, ತಮ್ಮನನ್ನು ದೇವರ ಹಾಗೆ ನೋಡಿದರು.

"ಆ ತಡವಾದ ಪೆಟ್ಟನ್ನ ಹೇಗೆ ಕಂಡುಕೊಂಡ್ರಿ ಸರ್?"

"ನಾನೇನೂ ಕಂಡುಕೊಂಡಿಲ್ಲ. ಸರಿಯಾಗೇ ಹೊಡೀತೀನಿ. ಹೊರಗೆ ಬರೋವಾಗ ತಡ ಆಗಿರುತ್ತೆ."

"ಅದ್ಭುತ!" ಅಂದು ಬರೆದುಕೊಂಡರು.

ತಮ್ಮ ಸುಮ್ಮನಾದ. ನನಗೆ ಮೌನ ಅಂದರೆ ಮೈಮೇಲೆ ಜಿರಲೆ ಹರಿದ ಹಾಗೆ. ಬಾಯಿ ತೆರೆದೆ. ನಮ್ಮ ಅಜ್ಜಿ ತೂಗುತ್ತಿದ್ದ ತೊಟ್ಟಿಲಿಗೆ ಒಂದು ಕಾಲು ಗಿಡ್ಡವಿತ್ತು, ಹೋಗುವಾಗ ಸಲೀಸಾಗಿ ಹೋಗಿ ಬರುವಾಗ ಒಂದು ಚೂರು ತಡೆದು ಬರುತ್ತಿತ್ತು, ಆ ತೂಗಾಟವೇ ಇವನ ಕೈಗೆ ಬಂದಿದೆ ಅಂದೆ. ಅವರ ಕಣ್ಣು ಒದ್ದೆಯಾಯಿತು. ನನ್ನದೂ ಆಯಿತು.

ನಮ್ಮ ಮನೆಯಲ್ಲಿ ತೊಟ್ಟಿಲೇ ಇರಲಿಲ್ಲ. ಇಬ್ಬರೂ ಚಾಪೆಯ ಮೇಲೆ ಬೆಳೆದವರು.

ಅವರು ಹೋದ ಮೇಲೆ ತಮ್ಮ ಒಂದೇ ಮಾತು ಕೇಳಿದ: "ಯಾಕೆ ಹೇಳ್ದೆ?" ಗೊತ್ತಿಲ್ಲ. ಹೇಳುವಾಗ ನಿಜವೇ ಅನ್ನಿಸುತ್ತಿತ್ತು. ಈಗಲೂ ಆ ತೊಟ್ಟಿಲು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬೇಸರವಾಗುವ ಬದಲು ಹೆಮ್ಮೆಯಾಗುತ್ತಿದೆ, ಇದೇನು ಕರ್ಮವೋ.

ಮಾರ್ಚ್ 13, ಗುರುವಾರ

ತೊಟ್ಟಿಲು ಅಚ್ಚಾಗಿ ಬಂತು. ಚಿತ್ರವನ್ನೂ ಬರೆಸಿದ್ದಾರೆ.

ತಮ್ಮನ ಹೆಂಡತಿ ಮೇಲೆ ಬಂದು, ಹೇಳಲು ಒದ್ದಾಡಿ ಹೇಳಿದಳು: "ಅಕ್ಕಾ, ಇವರ ಅಂಗಿ ಗುಂಡಿ ನಾನೇ ಹಾಕ್ತಾ ಇದ್ದೀನಿ. ಮದುವೆಯಾದ ಹೊಸದ್ರಲ್ಲೂ ಹಾಕಿರ್ಲಿಲ್ಲ." ನಾನು ನಕ್ಕು, "ಈ ವಯಸ್ಸಿನಲ್ಲಿ ಸರಸ ಶುರುವಾಯ್ತಾ?" ಅಂತ ರೇಗಿಸಿದೆ. ಅವಳು ನಗಲಿಲ್ಲ. ಫ್ರೇಮಿಗೆ ಹೊಡೆಯುವ ಸಣ್ಣ ಮೊಳೆಗಳೂ ಕೈಯಿಂದ ಜಾರುತ್ತವಂತೆ, ನಡೆಯುವಾಗ ಎಡಗೈ ಆಡಿಸುವುದಿಲ್ಲವಂತೆ, ಜೇಬಿನಲ್ಲಿ ಇಟ್ಟುಕೊಂಡ ಹಾಗೆ ಇರುತ್ತದಂತೆ. "ನಿದ್ದೆ ಕಡಿಮೆ ಆಗಿರ್ಬೇಕು ಬಿಡು, ಕಾರ್ಯಕ್ರಮದ ಭಯ" ಅಂತ ಸಮಾಧಾನ ಹೇಳಿ ಕಳಿಸಿದೆ.

ಕಾರ್ಯಕ್ರಮಕ್ಕೆ ಯಾವ ಸೀರೆ ಅಂತ ಇನ್ನೂ ತೀರ್ಮಾನವಾಗಿಲ್ಲ.

ಮಾರ್ಚ್ 17, ಸೋಮವಾರ

ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ತಮ್ಮನಿಗೆ ದವಡೆ ಹಲ್ಲು ನೋವು, ನಮ್ಮ ಕ್ಲಿನಿಕ್ಕಿಗೇ ಬಂದಿದ್ದ. ಅವನನ್ನು ಬಾಯಿ ಮುಕ್ಕಳಿಸಲು ಕಳಿಸಿ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಗಾಜಿನ ಬಾಗಿಲು ಹಾಕಿದರು.

"ನಿಮ್ಮ ತಮ್ಮನಿಗೆ ಎಷ್ಟು ದಿನದಿಂದ ಹೀಗಿದೆ?"

"ಹಲ್ಲಾ ಡಾಕ್ಟ್ರೇ?"

"ಹಲ್ಲಲ್ಲ. ಎಡಗೈ. ಲೋಟ ಹಿಡಿಯೋಕೆ ಕೈ ನಿಧಾನವಾಗಿ ಏಳುತ್ತೆ. ಮುಖಾನೂ ಅಲ್ಲಾಡಲ್ಲ."

ನಾನು ಏನಂದೆ ಗೊತ್ತಾ? "ಅದು ಅವನ ಶೈಲಿ ಡಾಕ್ಟ್ರೇ" ಅಂದೆ.

ನಿಜವಾಗಲೂ ಹಾಗೇ ಅಂದೆ. ಗಾಜಿನಾಚೆ ಗೋಡೆಯ ಮೇಲಿನ ವಿಮರ್ಶೆಯ ಕಡೆ ಕೈಯನ್ನೂ ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ನರದ ಡಾಕ್ಟರ ಹೆಸರು ಬರೆದುಕೊಟ್ಟು, "ಈ ವಾರಾನೇ ಹೋಗಿ" ಅಂದರು. ನನಗೆ ಸಿಟ್ಟು ಬಂತು. ಹಲ್ಲು ನೋಡುವವರಿಗೆ ಸಂಗೀತ ಏನು ಗೊತ್ತು ಅಂದುಕೊಂಡೆ. ಮನೆಗೆ ಬರುವ ದಾರಿಯುದ್ದಕ್ಕೂ ಹಾಗೇ ಅಂದುಕೊಂಡೆ. ಪಕ್ಕದಲ್ಲಿ ನಡೆಯುತ್ತಿದ್ದ ತಮ್ಮನ ಎಡಗೈ ಅಲ್ಲಾಡುತ್ತಿರಲಿಲ್ಲ.

ಮಾರ್ಚ್ 20, ಗುರುವಾರ

ಪಾರ್ಕಿನ್ಸನ್ ಅಂತೆ.

ಡಾಕ್ಟರು ಹೆಬ್ಬೆರಳು ತೋರುಬೆರಳು ತಾಗಿಸಿ ತಾಗಿಸಿ ಬಿಡಲು ಹೇಳಿದರು. ಬಲಗೈಯದು ಚಕಚಕ ಆಯಿತು. ಎಡಗೈಯದು ಶುರುವಾಗಿ, ಸಣ್ಣದಾಗಿ, ನಿಂತು, ಮತ್ತೆ ಶುರುವಾಯಿತು. "ನೋಡಿ, ಮನಸ್ಸು ಹೇಳಿದ್ದು ಕೈಗೆ ತಲುಪೋದು ತಡ ಆಗ್ತಿದೆ" ಅಂದರು. ವಾಸನೆ ಬರುತ್ತಾ ಅಂತ ಕೇಳಿದರು, ಭುಜ ನೋವಿತ್ತಾ ಅಂತಲೂ ಕೇಳಿದರು. ಒಂದೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಹಾಲು ಸೀದಾಗ ಬೈದವಳು ನಾನೇ, ಭುಜದ ನೋವನ್ನು ನೆಪ ಅಂತ ಬರೆದವಳೂ ನಾನೇ.

ಗುಣವಾಗುವುದಿಲ್ಲ. ಮಾತ್ರೆಯಿದೆ, ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವು ವರ್ಷ. ಒಂದೊಂದು ಮಾತ್ರೆಯ ಜೋರು ಕೆಲವು ಗಂಟೆ ಇರುತ್ತದೆ, ಆಮೇಲೆ ಇಳಿಯುತ್ತದೆ.

ಹೊರಗೆ ಬೆಂಚಿನ ಮೇಲೆ ಕೂತೆವು. ತಮ್ಮನ ಹೆಂಡತಿ ಮಾತ್ರೆ ತರಲು ಹೋಗಿದ್ದಳು. ಅವನೇ ಮೊದಲು ಮಾತಾಡಿದ. "ಆ ವಿಮರ್ಶಕರಿಗೇ ಫೀಸು ಕೊಡ್ಬೇಕಿತ್ತು ಅಕ್ಕ. ಡಾಕ್ಟ್ರಿಗಿಂತ ಮೊದ್ಲೇ ಕಂಡುಹಿಡಿದ್ರು." ನಾನು ನಗಲು ಹೋದೆ. ಆಗಲಿಲ್ಲ.

ಬಲಗೈಯಿಂದ ಎಡಗೈ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಅವರೆಲ್ಲ ಹೊಗಳಿದ್ದು ಇದನ್ನೇನಾ?" ಅಂತ ಕೇಳಿದ.

ಇಲ್ಲ ಅನ್ನಬೇಕಿತ್ತು. ಹೌದು ಅಂದರೂ ಒಂದು ಉತ್ತರವಾಗುತ್ತಿತ್ತು. ತೊಟ್ಟಿಲಿನ ಕಥೆ ಕಟ್ಟುವಾಗ ಎಲ್ಲಿತ್ತೋ ಆ ನಾಲಿಗೆ, ಇವತ್ತು ಎಲ್ಲಿಗೆ ಹೋಗಿತ್ತೋ.

ಮಾರ್ಚ್ 25, ಮಂಗಳವಾರ

ಸಭಾಂಗಣದವರಿಗೆ ಫೋನ್ ಮಾಡಿ, ತಮ್ಮನಿಗೆ ಹುಷಾರಿಲ್ಲ, ಬಹುಶಃ ಬರುವುದಿಲ್ಲ ಅಂದೆ. ಏನು ಅಂತ ಹೇಳಲಿಲ್ಲ. ಆ ಕಡೆಯಿಂದ, "ಅಯ್ಯೋ ಪರ್ವಾಗಿಲ್ಲ ಮೇಡಂ, ಬೇರೆಯವರನ್ನ ಕೂರಿಸೋಣ. ಆ ತಡವಾದ ಪೆಟ್ಟು ಮಾತ್ರ ಇರ್ಲೇಬೇಕು, ಜನ ಅದಕ್ಕೇ ಬರ್ತಾರೆ. ಕಲಿಸಿದ್ರೆ ಯಾರು ಬೇಕಾದ್ರೂ ಹೊಡೀತಾರೆ ಬಿಡಿ" ಅಂದರು.

ಥೂ ಅನ್ನಿಸಿತು. ಆದರೆ ಥೂ ಅನ್ನಿಸುವ ಮುಂಚೆ ಒಂದು ಕ್ಷಣ, ಯಾರನ್ನು ಕೂರಿಸಬಹುದು ಅಂತ ಲೆಕ್ಕ ಹಾಕಿದೆ. ಸುಳ್ಳು ಯಾಕೆ ಬರೆಯಲಿ.

ತಮ್ಮನಿಗೆ ಇದನ್ನು ಹೇಳಲಿಲ್ಲ, ಕಾರ್ಯಕ್ರಮ ಬಿಟ್ಟುಬಿಡೋಣವಾ ಅಂತಷ್ಟೇ ಕೇಳಿದೆ. ಅವನು, "ಮಾತ್ರೆ ಕೈ ಹಿಡಿದು, ನನ್ನ ಪೆಟ್ಟು ಜಾಗಕ್ಕೆ ಬಂದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ. ರೋಗಕ್ಕೆ ಚಪ್ಪಾಳೆ ಹೊಡೆಸ್ಕೊಳ್ಳೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?" ಅಂದ.

ಅವನ ಮಾತು ಸರಿ. ಆದರೆ ಇಲ್ಲಿ ಮಾತ್ರ ಬರೆದುಕೊಳ್ಳುತ್ತೇನೆ: ಆ ಹಾಡು ಕೇಳಿ ನಾನು ಕ್ಲಿನಿಕ್ಕಿನಲ್ಲಿ ಅತ್ತದ್ದೂ ಸುಳ್ಳಲ್ಲ. ಆಗ ನನಗೆ ರೋಗ ಅಂತ ಗೊತ್ತಿರಲಿಲ್ಲ, ಈಗ ಗೊತ್ತು. ಇವತ್ತು ಮತ್ತೆ ಕೇಳಿದೆ. ಮತ್ತೆ ಅತ್ತೆ. ಈ ಸಲ ಯಾವುದಕ್ಕೆ ಅತ್ತೆ ಅಂತ ಬಿಡಿಸಿ ಹೇಳು ಅಂದರೆ ನನ್ನ ಕೈಲಾಗುವುದಿಲ್ಲ. ವಿಮರ್ಶಕರು ಕೇಳಿಸಿಕೊಂಡದ್ದು ತಪ್ಪೇ? ಅವರಿಗೆ ಕೇಳಿಸಿದ್ದು ನಿಜವಾಗಿ ಅಲ್ಲಿತ್ತು. ಜೊತೆಯಲ್ಲೇ ಇದ್ದ ನನಗೆ ಕೇಳಿಸಲಿಲ್ಲ, ಕೇಳಿಸಿದ ಮೇಲೆ ವಾಹ್ ಅಂದೆ.

ಗೋಡೆಯ ಮೇಲಿನ ವಿಮರ್ಶೆಯನ್ನು ತೆಗೆಯಿರಿ ಅಂತ ಡಾಕ್ಟರಮ್ಮನಿಗೆ ಹೇಳಲು ಹೋಗಿ, ಹೇಳದೆ ಬಂದೆ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ತಮ್ಮನೇ ಮೇಲೆ ಬಂದ. ಅಂಗಿಯ ಗುಂಡಿ ತಾನೇ ಹಾಕಿಕೊಂಡಿದ್ದ, ಒಂದು ಮೇಲೆ ಕೆಳಗಾಗಿತ್ತು. "ಬಾ, ಗಿಟಾರು ತಗೋ" ಅಂದ.

ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಕೂತ. ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೊದಲು ಬಲಗೈ. ಧಂ. ಆಮೇಲೆ, ಎಲ್ಲಿ ಬರಬೇಕೋ ಅಲ್ಲೇ, ಟಕ್. ಧಂ-ಟಕ್. ಧಂ-ಟಕ್. ಹಳೆಯ ರೆಕಾರ್ಡಿಂಗಿನಲ್ಲಿದ್ದ ಹಾಗೇ, ಮೊಳೆ ಹೊಡೆದ ಹಾಗೇ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಮ್ಮ ತನ್ನ ಎಡಗೈಯನ್ನೇ ನೋಡುತ್ತಾ ಹೊಡೆಯುತ್ತಿದ್ದ, ಊರು ಬಿಟ್ಟು ಹೋಗಿದ್ದ ನೆಂಟ ಬಾಗಿಲಿಗೆ ಬಂದಾಗ ನೋಡುವ ಹಾಗೆ. "ಬಂತು ಅಕ್ಕ! ಬಂತು! ಹಾಡು!"

ಗಿಟಾರು ಎತ್ತಿಕೊಂಡು ‘ಅಂಗಿ’ ಶುರು ಮಾಡಿದೆ. ಎರಡು ಸಾಲಾಗುವಷ್ಟರಲ್ಲಿ ಅವನು ನಿಲ್ಲಿಸಿದ.

"ಟಕ್ ಆದ ತಕ್ಷಣ ನೀನು ಬರ್ಬೇಕು. ಯಾಕೆ ಬರ್ತಿಲ್ಲ?"

"ಬರ್ತಾ ಇದ್ದೀನಲ್ಲೋ."

"ಇಲ್ಲ. ಇನ್ನೊಂದ್ಸಲ."

ಮತ್ತೆ ಹಾಡಿದೆ. ಮತ್ತೆ ನಿಲ್ಲಿಸಿದ. ಫೋನಿನಲ್ಲಿ ರೆಕಾರ್ಡ್ ಮಾಡಿ ನನ್ನ ಕಿವಿಗೆ ಹಿಡಿದ. ಅವನ ಪೆಟ್ಟು ಜಾಗದಲ್ಲಿದೆ. ನಾನು ಬರುತ್ತಿರುವುದು ತಡವಾಗಿ. ಪ್ರತಿ ಸಾಲಿಗೂ, ಕೂದಲೆಳೆಯಷ್ಟು. ಅವನು ತಡವಾಗುತ್ತಿದ್ದಷ್ಟು ಕಾಲವೂ ನನ್ನ ಗಂಟಲು ಅವನಿಗಾಗಿ ಕಾಯುವುದನ್ನು ಕಲಿತುಬಿಟ್ಟಿದೆ. ಯಾವಾಗ ಕಲಿಯಿತೋ ನನಗೆ ಗೊತ್ತೇ ಇಲ್ಲ.

ತಮ್ಮ ನಕ್ಕ. ಎಷ್ಟು ತಿಂಗಳಾಗಿತ್ತೋ ಆ ಮುಖದಲ್ಲಿ ನಗು ನೋಡಿ! ಹಲ್ಲೆಲ್ಲ ಕಾಣುವ ಹಾಗೆ ನಕ್ಕು, "ಈಗ ನಿನ್ನ ಮೇಲೆ ಅರ್ಧ ಪುಟ ಬರೀತಾರೆ" ಅಂದ. ನಾನೂ ನಕ್ಕೆ. ನಗುತ್ತಿದ್ದವಳಿಗೆ ಅಳು ಬಂತು. ಅವನ ಕೈ ಸರಿಹೋಗಲಿ ಅಂತ ದಿನವೂ ಕೈಮುಗಿದವಳು ನಾನು. ಸರಿಹೋಗಿದೆ. ಅದೇ ಕ್ಷಣದಲ್ಲಿ ಆ ಖಾಲಿಗಾಗಿ ತಡಕಾಡುತ್ತಿರುವವಳೂ ನಾನೇ. ಸರಿಯಾದ ತಾಳದಲ್ಲಿ ಹಾಡು ಬರೀ ಹಾಡಾಗಿತ್ತು, ಅಪ್ಪ ಎಲ್ಲೂ ಇರಲಿಲ್ಲ. ಇದನ್ನು ಅವನಿಗೆ ಹೇಳಲೇ? ಸಾಯುವವರೆಗೂ ಹೇಳುವುದಿಲ್ಲ. ಆದರೆ ಅವನು ನನ್ನ ಮುಖ ನೋಡುತ್ತಿದ್ದ. ನನ್ನ ಮುಖ ಓದಲು ಅವನಿಗೆ ಯಾವತ್ತೂ ಕಷ್ಟವಾಗಿಲ್ಲ.

"ಗೊತ್ತು ಅಕ್ಕ" ಅಂದ. "ನನಗೂ ಕೇಳಿಸ್ತು. ಆದ್ರೆ ಆ ತಡ ಹೇಗಿದ್ರೂ ವಾಪಸ್ ಬಂದೇ ಬರುತ್ತೆ, ನಾವು ಕರೀಬೇಕಾಗಿಲ್ಲ. ಅಳೋದು ಆಮೇಲೆ ಇಟ್ಕೋ. ಮಾತ್ರೆಯ ಜೋರು ಇಳಿಯೋದ್ರೊಳಗೆ ಹಾಡು, ಮಹಾತಾಯಿ."

ಹಾಡಿದೆ. ಮೊದಲ ಸಾಲಿಗೆ ತಡವಾಗಿಯೇ ಬಂದೆ, ಎರಡನೆಯದಕ್ಕೂ. ಅವನು ಕಾಯಲಿಲ್ಲ. ಧಂ-ಟಕ್ ಅಂತ ನನ್ನನ್ನೂ ಎಳೆದುಕೊಂಡೇ ಹೋದ.